ಆರೋಹಣ ಮತ್ತು ಪುನರಾಗಮನದ ನಡುವೆ: ಬರ್ನ್-ಜೋನ್ಸನ ಬರ್ಮಿಂಗ್‌ಹ್ಯಾಮ್ ಕಿಟಕಿಗಳು

ಆಂಗ್ಲ ಚಿತ್ರಕಾರ ಎಡ್ವರ್ಡ್ ಬರ್ನ್-ಜೋನ್ಸ್ 1833ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜನಿಸಿದನು. ಅಲ್ಲಿಯ ಸಂತ ಫಿಲಿಪ್ಪನ ದೇವಾಲಯದಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. 1853ರಲ್ಲಿ ಸಭಾಪಾಲಕನಾಗುವ ಉದ್ದೇಶದಿಂದ ಆಕ್ಸ್‌ಫರ್ಡಿನ ಎಕ್ಸಿಟರ್ ಕಾಲೇಜನ್ನು ಸೇರಿದನು. ಅದೇ ಉದ್ದೇಶದಿಂದ ಬಂದಿದ್ದ ವಿಲಿಯಂ ಮಾರಿಸ್ ಅಲ್ಲಿ ಅವನ ಆಪ್ತಮಿತ್ರನಾದನು. 1855ರಲ್ಲಿ ಉತ್ತರ ಫ್ರಾನ್ಸಿನ ಮಧ್ಯಯುಗದ ಮಹಾದೇವಾಲಯಗಳನ್ನು ಕಂಡ ಬಳಿಕ ಇಬ್ಬರೂ ಗುರುದೀಕ್ಷೆಯ ಯೋಚನೆಯನ್ನು ಬಿಟ್ಟು ಕಲೆಗೆ ತಮ್ಮನ್ನು ಒಪ್ಪಿಸಿಕೊಂಡರು. ದೀಕ್ಷೆಯ ಹಾದಿಯನ್ನು ಬಿಟ್ಟವನು ಸಭೆಗೆ ಏನನ್ನು ಕೊಡಬಲ್ಲನು? ಈ ಪ್ರಶ್ನೆಗೆ ಉತ್ತರವು ಮೂವತ್ತು ವರ್ಷಗಳ ನಂತರ, ಅವನು ದೀಕ್ಷಾಸ್ನಾನ ಹೊಂದಿದ ದೇವಾಲಯದಲ್ಲಿಯೇ ದೊರೆಯಿತು.

1861ರಲ್ಲಿ ಮಾರಿಸನು ಗೆಳೆಯರೊಡನೆ ಒಂದು ಕಲಾಸಂಸ್ಥೆಯನ್ನು ಸ್ಥಾಪಿಸಿದನು. ಬರ್ನ್-ಜೋನ್ಸನು ಕಿಟಕಿಯ ಪೂರ್ಣ ಅಳತೆಯ ರೇಖಾಚಿತ್ರವನ್ನು ಬರೆದುಕೊಡುವನು. ಮಾರಿಸನು ಗಾಜಿನ ಬಣ್ಣಗಳನ್ನು ಆರಿಸುವನು. ಕುಶಲಕರ್ಮಿಗಳು ಗಾಜನ್ನು ಕತ್ತರಿಸಿ, ಅದರ ಮೇಲೆ ಮುಖ, ಮಡಿಕೆಗಳನ್ನು ಚಿತ್ರಿಸಿ, ಕುಲುಮೆಯಲ್ಲಿ ಸುಟ್ಟು, ಸೀಸದ ಪಟ್ಟಿಗಳಿಂದ ಜೋಡಿಸುವರು. ಹೀಗೆ ಪ್ರತಿಯೊಂದು ಕಿಟಕಿಯೂ ಅನೇಕರ ಕೈಗಳ ಸೇವೆಯ ಫಲವಾಗಿತ್ತು.

ಸಂತ ಫಿಲಿಪ್ಪನ ದೇವಾಲಯವು 1715ರಲ್ಲಿ ಪ್ರತಿಷ್ಠೆಗೊಂಡುದು. ಅದರ ಎತ್ತರವಾದ ಕಿಟಕಿಗಳನ್ನು ಕಲ್ಲಿನ ಕಂಬಗಳು ವಿಭಾಗಿಸುವುದಿಲ್ಲ. ಆದುದರಿಂದ ಕಲಾವಿದನು ಇಡೀ ಕಿಟಕಿಯನ್ನು ಒಂದೇ ಚಿತ್ರವಾಗಿ ರೂಪಿಸಿದನು. 1885ರಲ್ಲಿ ಪೂರ್ವದಿಕ್ಕಿನ ಮಧ್ಯಭಾಗದಲ್ಲಿ ಸ್ವರ್ಗಾರೋಹಣದ ಕಿಟಕಿಯೂ, 1887ರಲ್ಲಿ ಅದರ ಇಕ್ಕೆಲಗಳಲ್ಲಿ ಕ್ರಿಸ್ತಜನನ ಮತ್ತು ಶಿಲುಬೆಮರಣದ ಕಿಟಕಿಗಳೂ ಸ್ಥಾಪಿತವಾದವು. ಅಂತ್ಯ ನ್ಯಾಯತೀರ್ಪಿನ ಕಿಟಕಿಯು 1897ರಲ್ಲಿ ಪಶ್ಚಿಮದಲ್ಲಿ ಬಂದಿತು. ಅಷ್ಟರಲ್ಲಿ ಮಾರಿಸನು ತೀರಿಕೊಂಡಿದ್ದನು. ಮರುವರ್ಷ ಬರ್ನ್-ಜೋನ್ಸನೂ ನಿಧನನಾದನು.

ಈ ನಾಲ್ಕರಲ್ಲಿ ಎದುರುಬದುರಾಗಿರುವ ಎರಡು ಕಿಟಕಿಗಳು ದೈವಶಾಸ್ತ್ರದ ವಿದ್ಯಾರ್ಥಿಗಳ ವಿಶೇಷ ಗಮನಕ್ಕೆ ಅರ್ಹವಾಗಿವೆ. ಪೂರ್ವದಲ್ಲಿ ಕ್ರಿಸ್ತನು ದೂತಗಣದ ನಡುವೆ ಮೇಲಿದ್ದಾನೆ. ಶಿಷ್ಯರು ಕೆಳಗೆ ನಿಂತು ತಲೆಯೆತ್ತಿ ನೋಡುತ್ತಿದ್ದಾರೆ. ಪಶ್ಚಿಮದಲ್ಲಿಯೂ ಕ್ರಿಸ್ತನು ದೂತರೊಡನೆ ಮೇಲಿದ್ದಾನೆ, ಜನಸಮೂಹವು ಕೆಳಗಿದೆ. ಆದರೆ ನಡುವೆ ನಗರವೊಂದರ ಕಟ್ಟಡಗಳು ಕುಸಿಯುತ್ತಿವೆ. ಮೇಲಕ್ಕೆ ಒಯ್ಯಲ್ಪಟ್ಟ ಯೇಸುವು ಅದೇ ರೀತಿಯಲ್ಲಿ ಹಿಂದಿರುಗುವನೆಂದು ಶಿಷ್ಯರಿಗೆ ತಿಳಿಸಲಾದ ಸಂಗತಿಯು ಅಪೊಸ್ತಲರ ಕೃತ್ಯಗಳ ಮೊದಲನೆಯ ಅಧ್ಯಾಯದಲ್ಲಿದೆ. ಆ ವಾಗ್ದಾನದ ಎರಡು ತುದಿಗಳು ಇಲ್ಲಿ ಎರಡು ಗೋಡೆಗಳಾಗಿವೆ. ನಡುವೆ ಕುಳಿತುಕೊಳ್ಳುವ ಸಭೆಯು ಆರೋಹಣಕ್ಕೂ ಪುನರಾಗಮನಕ್ಕೂ ನಡುವಣ ಕಾಲದಲ್ಲಿಯೇ ಕುಳಿತಿರುತ್ತದೆ. ಆರಾಧನೆಯಲ್ಲಿ ಕರ್ತನ ಮಹಿಮೆಯ ಕಡೆಗೆ ಮುಖಮಾಡಿದವರು, ಆರಾಧನೆ ಮುಗಿಸಿ ಹಿಂದಿರುಗುವಾಗ ಆತನ ನ್ಯಾಯಾಸನವನ್ನು ಎದುರಿಸುತ್ತಾರೆ. ಕೈಗಾರಿಕೆಯಿಂದ ಸಿರಿವಂತವಾಗಿದ್ದ ಪಟ್ಟಣದ ಸಭೆಗೆ, ಕುಸಿಯುವ ಗೋಪುರಗಳ ಚಿತ್ರವು ಸುಲಭವಾದ ಸಂದೇಶವಾಗಿರಲಾರದು.

ಈ ದೇವಾಲಯವು 1905ರಲ್ಲಿ ಬಿಷಪರ ಪೀಠವಾಯಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಅದಕ್ಕೆ ಹಾನಿಯಾದರೂ, ಮುಂಚಿತವಾಗಿ ತೆಗೆದಿರಿಸಿದ್ದರಿಂದ ಕಿಟಕಿಗಳು ಉಳಿದವು. ಬರ್ನ್-ಜೋನ್ಸನು ಪ್ರಸಂಗಪೀಠವನ್ನು ಎಂದೂ ಏರಲಿಲ್ಲ. ಆದರೂ ಸಭೆಯ ನಂಬಿಕೆಯು ಯಾವ ಎರಡು ಘಟನೆಗಳ ನಡುವೆ ಜೀವಿಸುತ್ತದೆಂಬುದನ್ನು ಅವನ ಕಿಟಕಿಗಳು ಇಂದಿಗೂ ಬೋಧಿಸುತ್ತಿವೆ. ಸೇವೆಗೆ ಸಿದ್ಧರಾಗುತ್ತಿರುವ ನಾವು, ದೀಕ್ಷೆಯಿಲ್ಲದವರ ಕೈಗಳಿಂದಲೂ ದೇವರು ತನ್ನ ಸಭೆಗೆ ಬೋಧಿಸುತ್ತಾನೆಂಬುದನ್ನು ಕೃತಜ್ಞತೆಯಿಂದ ಒಪ್ಪಿಕೊಳ್ಳಬೇಕಾಗಿದೆ.