ಹವಾನಾದ ಚುಟ್ಟವೂ ಅದರ ಮುದ್ರೆಯೂ

ಚಿನ್ನವನ್ನು ಕೊಳ್ಳುವವನಿಗೆ ಒರೆಗಲ್ಲುಂಟು. ರೇಷ್ಮೆಯನ್ನು ಕೊಳ್ಳುವವನು ಎಳೆಯೊಂದನ್ನು ಸುಟ್ಟು ವಾಸನೆ ನೋಡಬಹುದು. ಆದರೆ ಸುಡುವುದಕ್ಕೆಂದೇ ಮಾಡಿದ ವಸ್ತುವನ್ನು ಪರೀಕ್ಷಿಸುವ ಬಗೆ ಹೇಗೆ? ಪರೀಕ್ಷೆ ಮುಗಿಯುವ ಹೊತ್ತಿಗೆ ಪದಾರ್ಥವೇ ಮುಗಿದಿರುತ್ತದೆ. ಆದುದರಿಂದಲೇ ಚುಟ್ಟವನ್ನು ಕೊಳ್ಳುವವನು ಎಲೆಗಿಂತ ಮೊದಲು ಹೆಸರಿಗೆ ಬೆಲೆ ಕೊಡುತ್ತಾನೆ. ಕ್ಯೂಬಾ ದ್ವೀಪದ ಹವಾನಾ ಚುಟ್ಟದ ಚರಿತ್ರೆಯು ಹೀಗೆ ಒಂದು ಕುಶಲ ಕೈಗಾರಿಕೆಯ ಚರಿತ್ರೆಯಾಗಿರುವಷ್ಟೇ ಮಟ್ಟಿಗೆ ನಂಬಿಕೆಯ ಚರಿತ್ರೆಯೂ ಆಗಿದೆ.

ಹೊಗೆಸೊಪ್ಪನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಅದರಿಂದ ದೇಹಕ್ಕಾಗುವ ಕೇಡನ್ನು ವೈದ್ಯಶಾಸ್ತ್ರವು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿಕೊಟ್ಟಿದೆ. ಆದರೆ ಈ ವಸ್ತುವು ನಮ್ಮ ಕಡೆಯವರಿಗೆ ಹೊಸದೂ ಅಲ್ಲ. ಇಂಗ್ಲಿಷರು ಬಳಸುವ ‘ಚೆರೂಟ್’ ಎಂಬ ಶಬ್ದವು ತಮಿಳಿನ ‘ಸುರುಟ್ಟು’ ಎಂಬುದರಿಂದ ಹೋದದ್ದು. ನಮ್ಮ ‘ಸುರುಳಿ’ಯೂ ಅದರ ನೆಂಟನೇ. 1887ರಲ್ಲಿ ಅಚ್ಚಾದ ಷೆರ್ಲಾಕ್ ಹೋಮ್ಸನ ಮೊದಲ ಕಥೆಯಲ್ಲಿ ಆ ಪತ್ತೇದಾರನು ನೆಲದ ಮೇಲೆ ಬಿದ್ದ ಬೂದಿಯನ್ನು ಕಂಡೇ ಅದು ತಿರುಚಿನಾಪಳ್ಳಿಯ ಚುಟ್ಟದ್ದೆಂದು ಹೇಳಿಬಿಡುತ್ತಾನೆ. ಅಂಥ ಕಣ್ಣು ಕಥೆಯವರಿಗೆ ಮಾತ್ರ. ಉಳಿದವರಿಗೆ ಬೇರೆ ಸಾಕ್ಷಿ ಬೇಕು.

ಕೊಲಂಬಸನ ಕಡೆಯವರು 1492ನೆಯ ಇಸವಿಯ ನವೆಂಬರಿನಲ್ಲಿ ಕ್ಯೂಬಾದ ಮೂಲನಿವಾಸಿಗಳು ಸುತ್ತಿದ ಎಲೆಯ ಹೊಗೆಯನ್ನು ಸೇದುವುದನ್ನು ಕಂಡರು. ಮುಂದೆ ಆ ಎಲೆಯು ಸ್ಪೇನಿನ ದೊರೆಗಳಿಗೆ ದೊಡ್ಡ ಆದಾಯವಾಯಿತು. 1717ರಲ್ಲಿ ಸರ್ಕಾರವು ಕ್ಯೂಬಾದ ಹೊಗೆಸೊಪ್ಪಿನ ವ್ಯಾಪಾರವನ್ನೆಲ್ಲ ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಬೆಳೆಗಾರರು ಮತ್ತೆ ಮತ್ತೆ ದಂಗೆಯೆದ್ದರು. 1723ರ ದಂಗೆಯಲ್ಲಿ ಅವರಲ್ಲಿ ಕೆಲವರು ಪ್ರಾಣವನ್ನೇ ತೆತ್ತರು. ಏಕಸ್ವಾಮ್ಯವು ನೂರು ವರ್ಷ ನಡೆದು, 1817ರ ರಾಜಾಜ್ಞೆಯಿಂದ ಕೊನೆಗೊಂಡಿತು. ಅಲ್ಲಿಂದ ಮುಂದೆ ಹವಾನಾ ನಗರದಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದಾಗಿ ತಲೆಯೆತ್ತಿದವು. ಉಪ್ಮನ್ನರ ಹೆಸರು 1844ರದು, ಪಾರ್ತಗಾಸನದು 1845ರದು.

ಈ ಹೆಸರುಗಳ ಹಿಂದೆ ನೆಲವೊಂದು, ಕೈಯೊಂದು ಉಂಟು. ನೆಲವೆಂದರೆ ದ್ವೀಪದ ಪಶ್ಚಿಮದಲ್ಲಿ ಪಿನಾರ್ ದೆಲ್ ರೀಯೊ ಪ್ರಾಂತದ ವುವೆಲ್ತಾ ಅಬಾಹೊ ಸೀಮೆ. ಹೊರಗೆ ಸುತ್ತುವ ಎಲೆಯು ತೆಳುವಾಗಿಯೂ ನುಣುಪಾಗಿಯೂ ಇರಬೇಕಾದುದರಿಂದ ಆ ಗಿಡಗಳಿಗೆ ತೆಳುಬಟ್ಟೆಯ ಚಪ್ಪರ ಹಾಕಿ, ನೆರಳಿನಲ್ಲಿ ಬೆಳೆಸುತ್ತಾರೆ. ಒಳಗೆ ತುಂಬುವ ಎಲೆಯನ್ನು ಬಿಸಿಲಿಗೇ ಬಿಡುತ್ತಾರೆ. ಒಂದೇ ಗಿಡದಲ್ಲಿಯೂ ಎಲೆಗೆಲೆಗೆ ಗುಣಭೇದ: ತುದಿಯದು ಖಾರ, ನಡುವಿನದು ಪರಿಮಳ, ಬುಡದ್ದು ಚೆನ್ನಾಗಿ ಉರಿಯುವಂಥದು. ಒಣಗಿದ ಎಲೆಗಳನ್ನು ಮೆದೆಯೊಟ್ಟಿದರೆ ಮೆದೆಯು ತನ್ನೊಳಗೆ ತಾನೇ ಕಾವೇರುತ್ತದೆ. ಆ ಕಾವಿನಲ್ಲಿ ಎಲೆಯ ಕಟುತ್ವವು ಇಳಿಯುತ್ತದೆ. ಕಾವು ಮಿತಿಮೀರಿತೆಂದರೆ ಮೆದೆಯನ್ನು ಬಿಚ್ಚಿ ಮತ್ತೆ ಒಟ್ಟಬೇಕು.

ಇನ್ನು ಕೈ. ಸುತ್ತುವವನ ಮುಂದೆ ಒಂದು ಮಣೆ, ‘ಚಾವೆತಾ’ ಎಂಬ ಅಗಲವಾದ ಬಾಗಿದ ಅಲಗು, ಒಂದಿಷ್ಟು ಸಸ್ಯದ ಅಂಟು. ಉಪಕರಣಗಳು ಹೆಚ್ಚುಕಡಿಮೆ ಇಷ್ಟೇ. ಮೂರು ಬಗೆಯ ಎಲೆಗಳನ್ನು ಅಂಗೈಯಲ್ಲಿ ಮಡಿಸಿ ಜೋಡಿಸುವಾಗ ಅವುಗಳ ನಡುವೆ ಗಾಳಿಗೆ ದಾರಿ ಉಳಿಯಬೇಕು. ಬಿಗಿ ಹೆಚ್ಚಾದರೆ ಹೊಗೆ ಬಾರದು. ಸಡಿಲವಾದರೆ ಬೇಗ ಉರಿದು ಬಾಯಿ ಸುಡುವುದು. ಹದವನ್ನು ಬೆರಳೇ ತಿಳಿಯಬೇಕಲ್ಲದೆ ಬಾಯಿಂದ ಹೇಳಿಕೊಡಲಾಗದು. ಅದರ ಮೇಲೆ ಕಟ್ಟುವ ಎಲೆ, ಅದರ ಮೇಲೆ ಹೊದಿಕೆಯ ಎಲೆ, ಕೊನೆಗೆ ತುದಿಗೊಂದು ಸಣ್ಣ ಟೋಪಿ. ಪಳಗಿದವನು ದಿನಕ್ಕೆ ಸುಮಾರು ನೂರು ಚುಟ್ಟ ಸುತ್ತಬಲ್ಲನು.

ಕೈಗೆ ಕೆಲಸವಿದ್ದಾಗ ಕಿವಿಗೆ ಬಿಡುವು. 1865ರಲ್ಲಿ ಹವಾನಾದ ಎಲ್ ಫಿಗರೊ ಕಾರ್ಖಾನೆಯಲ್ಲಿ ಒಂದು ಹೊಸ ಪದ್ಧತಿ ಮೊದಲಾಯಿತು. ಒಬ್ಬನು ಎತ್ತರದ ಪೀಠದಲ್ಲಿ ಕುಳಿತು ಪತ್ರಿಕೆಯನ್ನೋ ಕಾದಂಬರಿಯನ್ನೋ ಗಟ್ಟಿಯಾಗಿ ಓದುವುದು. ಉಳಿದವರು ಸುತ್ತುತ್ತ ಕೇಳುವುದು. ಓದುವವನ ಸಂಬಳಕ್ಕೆ ಕೆಲಸಗಾರರೇ ತಮ್ಮ ಕೂಲಿಯಿಂದ ವಂತಿಗೆ ಹಾಕುವುದು. ಕೇಳುವ ಕೂಲಿಯವನು ಯೋಚಿಸಲೂ ತೊಡಗುತ್ತಾನೆಂದು ಹೆದರಿ ಅಧಿಕಾರಿಗಳು ಮರುವರ್ಷವೇ ಅದನ್ನು ನಿಷೇಧಿಸಿದರು. ಆದರೂ ಪದ್ಧತಿ ಅಳಿಯಲಿಲ್ಲ. 1935ರಲ್ಲಿ ಹುಟ್ಟಿದ ‘ಮೊಂತೆಕ್ರಿಸ್ತೊ’ ಎಂಬ ಹೆಸರು ಹೀಗೆ ಓದಿಸಿಕೊಂಡ ಡ್ಯೂಮಾನ ಕಾದಂಬರಿಯಿಂದ ಬಂದುದೆಂದು ಹೇಳುತ್ತಾರೆ. ಬಾನುಲಿಯ ಮುಂದೆ ಕುಳಿತು ಕೇಳುವ ನಮಗೆ ಈ ಕೇಳ್ವಿಯ ರುಚಿಯನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಹೆಸರು ಬೆಳೆದ ಕಡೆಯಲ್ಲಿ ನಕಲಿಯೂ ಬೆಳೆಯುತ್ತದೆ. ಹವಾನಾವನ್ನೇ ಕಾಣದ ಚುಟ್ಟಗಳು ಹವಾನಾದ ಹೆಸರು ಹೊತ್ತು ಪರದೇಶದ ಅಂಗಡಿಗಳಲ್ಲಿ ಮಾರಾಟವಾಗತೊಡಗಿದವು. ತಯಾರಕರು ಚುಟ್ಟಕ್ಕೆ ಕಾಗದದ ಪಟ್ಟಿಯನ್ನು ತೊಡಿಸಿದರು, ಪೆಟ್ಟಿಗೆಗೆ ಬಣ್ಣಬಣ್ಣದ ಚಿತ್ರಪಟಗಳನ್ನು ಅಂಟಿಸಿದರು. ಆದರೆ ಅಚ್ಚುಯಂತ್ರವು ಎಲ್ಲರ ಸೊತ್ತಷ್ಟೆ! ಕೊನೆಗೆ 1912ನೆಯ ಇಸವಿಯಲ್ಲಿ ಕ್ಯೂಬಾದ ಸರ್ಕಾರವೇ ಕಾನೂನು ಮಾಡಿ, ಪೆಟ್ಟಿಗೆಗೆ ತನ್ನ ಖಾತರಿಯ ಹಸಿರು ಮುದ್ರೆಯನ್ನು ಅಂಟಿಸಲು ಮೊದಲುಮಾಡಿತು. ಈಚೆಗೆ ಆ ಮುದ್ರೆಗೆ, ಬೆಳಕಿಗೆ ಹಿಡಿದರೆ ಮಿನುಗುವ ಹೊಲೊಗ್ರಾಮಿನ ಗುರುತೂ ಗೆರೆಗಳ ಸಂಕೇತವೂ ಸೇರಿವೆ.

ಆದರೆ ಮುದ್ರೆಯು ಯಾವುದಕ್ಕೆ ಸಾಕ್ಷಿ? ಇಲ್ಲಿಯೇ ತೊಡಕು. ಮಾರ್ತೀನೆಸ್ ಈಬೋರ್ ಎಂಬ ತಯಾರಕನು ಯುದ್ಧದ ಗಲಭೆಯಿಂದಾಗಿ 1869ರಲ್ಲಿ ಹವಾನಾವನ್ನು ಬಿಟ್ಟು ಫ್ಲಾರಿಡಾದ ಕೀ ವೆಸ್ಟಿಗೂ, ಮುಂದೆ 1885ರ ಬಳಿಕ ಟಾಂಪಾಕ್ಕೂ ಹೋದನು. ಕ್ಯೂಬಾದ ಕೆಲಸಗಾರರು ಹೋದರು, ಓದುವವನು ಹೋದನು, ಎಲೆಯೂ ಹಡಗಿನಲ್ಲಿ ಹಿಂದೆಯೇ ಹೋಯಿತು. ಅದೇ ಎಲೆ, ಅದೇ ಕೈ. ನೆಲ ಮಾತ್ರ ಬೇರೆ. ಆ ಚುಟ್ಟ ಹವಾನಾದ್ದೋ ಅಲ್ಲವೋ? 1962ರಲ್ಲಿ ಅಮೆರಿಕವು ಕ್ಯೂಬಾದ ಸರಕಿಗೆ ಬಾಗಿಲು ಹಾಕಿದಾಗ ಎಲೆ ನಿಂತು, ಆ ಪ್ರಶ್ನೆಯೂ ನಿಂತಿತು. ಅಷ್ಟರಲ್ಲಿ ಇನ್ನೊಂದು ಹುಟ್ಟಿತ್ತು. 1960ರಲ್ಲಿ ಕ್ರಾಂತಿಯ ಸರ್ಕಾರವು ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಒಡೆಯರು ಹೆಸರಿನ ಹಕ್ಕನ್ನು ಹೊತ್ತು ಹೊರಗೆ ನಡೆದರು. ಕಟ್ಟಡವೂ ಕೈಯೂ ನೆಲವೂ ಒಳಗುಳಿದವು. ಅಲ್ಲಿಂದ ಪಾರ್ತಗಾಸ್ ಎಂಬ ಹೆಸರು ಎರಡಾಯಿತು: ಕ್ಯೂಬಾದಲ್ಲೊಂದು, ಡೊಮಿನಿಕನ್ ಗಣರಾಜ್ಯದಲ್ಲೊಂದು.

ಮಾತಿನಲ್ಲಿಯೂ ಮೋಸ ನುಸುಳಬಹುದು. ಯಂತ್ರದಲ್ಲಿ ಒಳಗನ್ನು ಕಟ್ಟಿ ಕೈಯಲ್ಲಿ ಹೊರಗನ್ನು ಮುಗಿಸಿದ ಚುಟ್ಟವನ್ನೂ ಕೈಯಲ್ಲಿ ಮಾಡಿದ್ದೆನ್ನಬಹುದಾಗಿದ್ದುದರಿಂದ, 1989ರಲ್ಲಿ ಕ್ಯೂಬಾದವರು ‘ಸಂಪೂರ್ಣವಾಗಿ ಕೈಯಿಂದ’ ಎಂಬ ಬೇರೆ ಮುದ್ರೆಯನ್ನು ಒತ್ತಬೇಕಾಯಿತು. ಅದೇ ವರ್ಷ ಜಿನೀವಾದ ದಾವಿಡಾಫ್ ಸಂಸ್ಥೆಯವರು, ತಮ್ಮ ಹೆಸರಿನಲ್ಲಿ ಕ್ಯೂಬಾದಿಂದ ಬಂದ ಒಂದು ಲಕ್ಷಕ್ಕೂ ಹೆಚ್ಚು ಚುಟ್ಟಗಳನ್ನು ಮಟ್ಟಕ್ಕೆ ಬಾರದವೆಂದು ಬೆಂಕಿಗೆ ಹಾಕಿದರು. ಅವು ನಕಲಿಯಲ್ಲ, ಕ್ಯೂಬಾದವೇ. ಅಪ್ಪಟವಾದುದೆಲ್ಲ ಉತ್ತಮವೆಂಬ ನಂಬಿಕೆಗೆ ಇದಕ್ಕಿಂತ ಕಟುವಾದ ಉತ್ತರ ಬೇಕೆ?

ಪಟ್ಟಿಯು ಒಡೆಯನ ಹೆಸರನ್ನು ಹೇಳುತ್ತದೆ. ಮುದ್ರೆಯು ಸರ್ಕಾರದ ಹೆಸರನ್ನು ಹೇಳುತ್ತದೆ. ಗಾಳಿಗೆ ದಾರಿ ಬಿಟ್ಟು ಎಲೆ ಮಡಿಸಿದ ಬೆರಳಿನ ಹೆಸರನ್ನು ಎರಡೂ ಹೇಳುವುದಿಲ್ಲ. ಕ್ಯೂಬಾದಲ್ಲಿ 1886ರವರೆಗೆ ಗುಲಾಮಗಿರಿ ಇತ್ತು. ಹವಾನಾದ ಕೀರ್ತಿಯನ್ನು ಕಟ್ಟಿದ ಕೈಗಳಲ್ಲಿ ಬಿಡುಗಡೆಯಿಲ್ಲದ ಕೈಗಳೂ ಇದ್ದವು. ನ್ಯಾಯಸ್ಥಾನಗಳು ಹೆಸರು ಯಾರದೆಂದು ತೀರ್ಮಾನಿಸಬಲ್ಲವು. ಪ್ರಯೋಗಶಾಲೆಯು ಎಲೆಯನ್ನು ಪರೀಕ್ಷಿಸಬಲ್ಲುದು. ಕುಶಲತೆಗೆ ಮಾತ್ರ ಮುದ್ರೆಯೆಂಬುದಿಲ್ಲ. ಅದು ಪ್ರತಿ ದಿನ, ಪ್ರತಿ ಮಣೆಯ ಮೇಲೆ ಹೊಸದಾಗಿ ಸಾಧಿಸಬೇಕಾದುದು. ನಾವು ಯಾವ ಸರಕನ್ನೇ ಕೊಳ್ಳಲಿ, ಯಾರ ಹೆಸರೆಂದು ಕೇಳಿದ ಮೇಲೆ ಯಾರ ಕೈಯೆಂದೂ ಒಮ್ಮೆ ಕೇಳುವುದು ಉಚಿತ.