ಫ್ಲಾಗ್ ಕೀಳುವ ಮುನ್ನ

1988ರ ನವೆಂಬರ್ 2ರಂದು ಹೊರಬಿದ್ದ ಮಾರಿಸ್ ವರ್ಮ್ ಹೆಸರು ನೀವು ಕೇಳಿರಬಹುದು. ಅದು ಕಂಪ್ಯೂಟರುಗಳಿಗೆ ನುಗ್ಗಿದ ದಾರಿಗಳಲ್ಲೊಂದು ಬಫರ್ ಓವರ್‌ಫ್ಲೋ: ಅಳತೆ ಮೀರಿ ಸುರಿದ ಮಾಹಿತಿ ಪಕ್ಕದ ಮೆಮೊರಿಯನ್ನೂ ಅಳಿಸಿ ಬರೆಯುವುದು. 1998ರಲ್ಲಿ ಕ್ರಿಸ್ಪಿನ್ ಕೋವನ್ ತಂಡ ಸ್ಟ್ಯಾಕ್‌ಗಾರ್ಡ್ ತಂದಿತು. ಫಂಕ್ಷನ್ ಮರಳಬೇಕಾದ ವಿಳಾಸದ ಪಕ್ಕ ಕಂಪೈಲರೇ ಒಂದು ಕಾವಲು ಸಂಖ್ಯೆ ಇಡುತ್ತದೆ; ಅದು ಕೆಟ್ಟರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಗಣಿಯ ವಿಷಗಾಳಿಗೆ ಮೊದಲು ಬೀಳುತ್ತಿದ್ದ ಹಕ್ಕಿಯ ಹೆಸರೇ ಅದಕ್ಕೂ, ಕ್ಯಾನರಿ. 2006ರ ಜಿಸಿಸಿ 4.1ರಲ್ಲಿ ಇಂಥದೇ ಕಾವಲು ಸೇರಿತು. 2014ರ ಫೆಡೋರಾ 21ರಲ್ಲಿ ಇನ್ನೊಂದು ಫ್ಲಾಗ್ ಬಂದು, ಫಾರ್ಮ್ಯಾಟ್ ಇಲ್ಲದೆ ಪ್ರಿಂಟ್‌ಎಫ್‌ಗೆ ನೇರ ಸಂದೇಶ ಕೊಡುತ್ತಿದ್ದ ಹಳೆಯ ಪ್ಯಾಕೇಜುಗಳ ಬಿಲ್ಡೇ ನಿಂತಿತು.

ಪುಣೆಯಲ್ಲಿ ಇಷ್ಟು ವರ್ಷ ಪ್ಯಾಕೇಜು ಬಿಲ್ಡ್ ಮಾಡುತ್ತಾ ನಾನು ಕಂಡದ್ದು: ಎರರ್ ಬಂದರೆ ಜನ ಮೊದಲು ಫ್ಲಾಗನ್ನೇ ಕಿತ್ತುಹಾಕುತ್ತಾರೆ. ಬಿಲ್ಡ್ ಆಗುತ್ತದೆ, ನಿಜ. ತೂತು ಹಾಗೇ ಉಳಿಯುತ್ತದೆ. ಸಂದೇಶದ ಮುಂದೆ ಒಂದು "%ಎಸ್" ಸೇರಿಸಿದರೆ ಸಾಕು, ಸ್ವಾಮೀ!