ಕಾರ್ಲ್‌ಟನ್ ಚಾಪ್‌ಮನ್: ಅಲ್-ಜವ್ರಾ ಹ್ಯಾಟ್ರಿಕ್ ಎಂಬ ಸಾಕ್ಷ್ಯದ ಮರುಪರಿಶೀಲನೆ

ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ (1971–2020) ಭಾರತ ಫುಟ್‌ಬಾಲ್ ತಂಡದ ಮಿಡ್‌ಫೀಲ್ಡರ್. ಆ ತಂಡದ ನಾಯಕತ್ವವನ್ನೂ ವಹಿಸಿದ್ದರು, ಅನಂತರ ತರಬೇತುದಾರರಾದರು. ಅವರ ಬಗೆಗಿನ ಬರಹಗಳಲ್ಲಿ ಒಂದೇ ಪಂದ್ಯಕ್ಕೆ ಅಗ್ರಸ್ಥಾನ ಸಂದಿದೆ. 1993ರ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನ ಮೊದಲ ಸುತ್ತಿನಲ್ಲಿ ಅವರು ಆಡುತ್ತಿದ್ದ ಕೋಲ್ಕತ್ತದ ಈಸ್ಟ್ ಬೆಂಗಾಲ್ ಇರಾಕಿನ ಅಲ್-ಜವ್ರಾ ಕ್ಲಬ್ಬನ್ನು 6–2ರಿಂದ ಸೋಲಿಸಿತು. ಆರರಲ್ಲಿ ಮೂರು ಗೋಲು ಚಾಪ್‌ಮನ್ ಅವರವು. 2020ರ ಅಕ್ಟೋಬರ್ 12ರಂದು ಅವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳೂ ಬಹುಪಾಲು ಈ ಹ್ಯಾಟ್ರಿಕ್ಕನ್ನೇ ಮುಂದಿಟ್ಟು, ತರಬೇತಿಯ ವರ್ಷಗಳನ್ನು ಕೊನೆಯ ಒಂದೆರಡು ಸಾಲುಗಳಿಗೆ ತಳ್ಳಿದವು. ಸಾಕ್ಷ್ಯ ನಿಜ, ಅದನ್ನು ಓದಿದ ಬಗೆ ಸರಿಯಿಲ್ಲ.

ಈ ಪಂದ್ಯದ ಬಗ್ಗೆ ಎರಡು ವಾದಗಳು ಚಾಲ್ತಿಯಲ್ಲಿವೆ. ಮೊದಲನೆಯದು ಅದನ್ನು ತೀರ ಹಗುರ ಮಾಡುತ್ತದೆ: ಕೊಲ್ಲಿ ಯುದ್ಧ ಮತ್ತು ನಿರ್ಬಂಧಗಳಿಂದ ಇರಾಕ್ ಕುಸಿದಿತ್ತು, ಅಲ್ಲಿಂದ ಬಂದ ತಂಡವನ್ನು ಸೋಲಿಸಿದ್ದರಲ್ಲಿ ಏನು ಹೆಚ್ಚುಗಾರಿಕೆ ಎಂಬುದು. ಇದು ನಿಲ್ಲುವ ಮಾತಲ್ಲ. ಅದೇ 1993ರಲ್ಲಿ ಇರಾಕಿನ ರಾಷ್ಟ್ರೀಯ ತಂಡ ವಿಶ್ವಕಪ್ ಅರ್ಹತೆಗಾಗಿ ಏಷ್ಯಾದ ಅಂತಿಮ ಸುತ್ತಿನಲ್ಲಿ ಆಡುತ್ತಿತ್ತು. ಅಕ್ಟೋಬರ್ 28ರಂದು ದೋಹಾದಲ್ಲಿ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದು ಜಪಾನ್ ಜತೆ 2–2ರ ಸಮ ಸಾಧಿಸಿ, ಜಪಾನಿನ ವಿಶ್ವಕಪ್ ಕನಸನ್ನೇ ಮುರಿದದ್ದು ಆ ತಂಡ. ರಾಷ್ಟ್ರೀಯ ತಂಡದ ಬಲವನ್ನು ಹಾಗೆಯೇ ಒಂದು ಕ್ಲಬ್ಬಿಗೆ ಆರೋಪಿಸಲಾಗದು, ಒಪ್ಪಬೇಕು. ಆದರೆ ಅಲ್-ಜವ್ರಾ ಬಾಗ್ದಾದಿನ ಮುಂಚೂಣಿಯ ಕ್ಲಬ್‌ಗಳಲ್ಲಿ ಒಂದು. ಇರಾಕಿನ ಆಟವೇ ಸತ್ತುಹೋಗಿತ್ತೆಂದು ಬರೆದವರು ಆ ವರ್ಷದ ಏಷ್ಯಾದ ಫಲಿತಾಂಶಗಳತ್ತ ಕಣ್ಣು ಹಾಯಿಸಿದ್ದರೂ ಸಾಕಿತ್ತು.

ಎರಡನೆಯ ವಾದ ಹೆಚ್ಚು ಹಾನಿ ಮಾಡಿದೆ, ಏಕೆಂದರೆ ಅದು ಹೊಗಳಿಕೆಯ ವೇಷದಲ್ಲಿ ಬರುತ್ತದೆ. ಚಾಪ್‌ಮನ್ ಮೂಲತಃ ಗೋಲು ಹೊಡೆಯುವ ಆಟಗಾರ, ಮುಂದೆ ಆ ಮಟ್ಟಕ್ಕೆ ಮತ್ತೆ ಏರಲಿಲ್ಲ ಎಂಬುದು ಅದರ ತಿರುಳು. ಹಾಗೆ ನೋಡಿದರೆ 1993ರ ನಂತರದ್ದೆಲ್ಲ ಇಳಿಜಾರೇ ಆಗಬೇಕು. ದಾಖಲೆ ಹೇಳುವುದು ಇದಕ್ಕೆ ತದ್ವಿರುದ್ಧ. 1995ರಲ್ಲಿ ಚಾಪ್‌ಮನ್ ಪಂಜಾಬಿನ ಫಗ್ವಾಡಾದ ಜೆಸಿಟಿ ಸೇರಿದರು. ಮುಂಪಡೆಯ ಆಟಗಾರರಾದ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಕೂಡ ಅಲ್ಲಿದ್ದರು. 1995 ಮತ್ತು 1996ರ ಫೆಡರೇಷನ್ ಕಪ್ ಜೆಸಿಟಿಗೆ ಬಂತು. 1996–97ರಲ್ಲಿ ಮೊತ್ತಮೊದಲ ರಾಷ್ಟ್ರೀಯ ಲೀಗಿನ ಕಿರೀಟವೂ ಬಂತು. (ಆ ಎರಡು ವರ್ಷಗಳಲ್ಲಿ ಜೆಸಿಟಿ ಹದಿನಾಲ್ಕು ಟೂರ್ನಿ ಗೆದ್ದಿತೆಂಬ ಮಾತು ಬರಹದಿಂದ ಬರಹಕ್ಕೆ ದಾಟುತ್ತ ಬಂದಿದೆ. ಪಟ್ಟಿ ಕೊಡದ ಲೆಕ್ಕವನ್ನು ಇಲ್ಲಿ ಆಧಾರವಾಗಿ ಬಳಸಿಲ್ಲ.) ಆ ಲೀಗಿನಲ್ಲಿ 14 ಗೋಲು ಹೊಡೆದು ಅಗ್ರಸ್ಥಾನ ಪಡೆದವರು ಭುಟಿಯಾ. ಮುಂದೆ ಇಂಥ ಇಬ್ಬರು ಇರುವಾಗ ನಡುವಿನ ಆಟಗಾರನ ಕೆಲಸ ಚೆಂಡನ್ನು ಗೆದ್ದು, ತಡೆದು, ಹೊತ್ತು ನೋಡಿ ಮುಂದಕ್ಕೆ ದಾಟಿಸುವುದು. ಅಂದಿನ ಪಂದ್ಯವರದಿಗಳಲ್ಲಿ ಗೋಲು ಹೊಡೆದವನ ಹೆಸರು ನಿಮಿಷದ ಸಮೇತ ಸಿಗುತ್ತದೆ. ಚೆಂಡು ಕೊಟ್ಟವನ ಹೆಸರು ಸಾಮಾನ್ಯವಾಗಿ ಸಿಗದು. ಗೋಲಿನ ಪಟ್ಟಿಯಿಂದ ಮಿಡ್‌ಫೀಲ್ಡರನ್ನು ಅಳೆಯಲು ಹೊರಟವರಿಗೆ ಹ್ಯಾಟ್ರಿಕ್ ಒಂದೇ ಕಂಡದ್ದು ಸಹಜ. ದಾಖಲೆಯ ಕೊರತೆಯನ್ನು ಆಟಗಾರನ ಕೊರತೆಯೆಂದು ತೀರ್ಮಾನಿಸಿದ್ದು ಮಾತ್ರ ಅಕ್ಷಮ್ಯ.

ಜಮಖಂಡಿ, ಮುಧೋಳ, ಬೀಳಗಿ ಕಡೆಯ ಗರಡಿಗಳಲ್ಲಿ ಪೈಲ್ವಾನ ಗೆದ್ದು ಬಂದರೆ ಅವನನ್ನು ತಯಾರು ಮಾಡಿದ ವಸ್ತಾದ ಯಾರೆಂಬ ಪ್ರಶ್ನೆ ಕೂಡಲೇ ಏಳುತ್ತದೆ. ಫುಟ್‌ಬಾಲ್ ಬರಹಗಾರರಿಗೆ, ಅದರಲ್ಲೂ ಎಲ್ಲವನ್ನೂ ಕೋಲ್ಕತ್ತದ ಎರಡು ದೊಡ್ಡ ಕ್ಲಬ್‌ಗಳ ಕಣ್ಣಿನಿಂದಲೇ ನೋಡುವವರಿಗೆ, ಆ ರೂಢಿಯಿಲ್ಲ. ಹೀಗಾಗಿ ಚಾಪ್‌ಮನ್ ಎಲ್ಲಿ ಪಳಗಿದರೆಂಬುದೂ ಹಿಂದೆ ಬಿದ್ದಿದೆ. ಅವರು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಕಲಿತು, ಸದರ್ನ್ ಬ್ಲೂಸ್ ಕ್ಲಬ್ಬಿಗೆ ಆಡಿ, 1990ರಲ್ಲಿ ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದವರು. ಈಸ್ಟ್ ಬೆಂಗಾಲ್ 1993ರಲ್ಲಿ ಪಡೆದದ್ದು ಸಿದ್ಧವಾಗಿ ಬಂದ ಆಟಗಾರನನ್ನು.

ಉಳಿದ ಆಟದ ವರ್ಷಗಳ ವಿಚಾರದಲ್ಲಿ ವಿವಾದ ಕಡಿಮೆ. 1997ರ ಸ್ಯಾಫ್ ಗೋಲ್ಡ್ ಕಪ್ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. ಅದೇ ವರ್ಷ ಹೊಸದಾಗಿ ಹುಟ್ಟಿದ ಎಫ್‌ಸಿ ಕೊಚ್ಚಿನ್ ಸೇರಿ, 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದರು. 2000–01ರಲ್ಲಿ ಅವರ ನಾಯಕತ್ವದಲ್ಲಿ ಆ ಕ್ಲಬ್ ರಾಷ್ಟ್ರೀಯ ಲೀಗ್ ಗೆದ್ದಿತು. 2001ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ವೃತ್ತಿಪರ ಆಟ ನಿಲ್ಲಿಸಿದರು. ಹ್ಯಾಟ್ರಿಕ್ಕಿನ ನಂತರ ಇಳಿಜಾರು ಎನ್ನುವವರು ಎರಡು ಬೇರೆ ಬೇರೆ ಕ್ಲಬ್‌ಗಳೊಂದಿಗೆ ಬಂದ ಈ ಎರಡು ಲೀಗ್ ಪ್ರಶಸ್ತಿಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಇನ್ನು ಶ್ರದ್ಧಾಂಜಲಿಗಳು ಬದಿಗೆ ತಳ್ಳಿದ ತರಬೇತಿಯ ವರ್ಷಗಳು. ನಡುವಿನಲ್ಲಿ ಆಡಿದವರು ತರಬೇತುದಾರರಾಗುವುದು, ಉದಾಹರಣೆಗೆ, ಜರ್ಮನಿಯಲ್ಲಿ ಹೊಸದಲ್ಲ. ಯೋವಾಕಿಮ್ ಲೋವ್ ಆಟಗಾರರಾಗಿ ಹಿರಿಯರ ರಾಷ್ಟ್ರೀಯ ತಂಡವನ್ನು ಸೇರಲೇ ಇಲ್ಲ; ತರಬೇತುದಾರರಾಗಿ 2014ರ ವಿಶ್ವಕಪ್ ಗೆದ್ದರು. ಅಲ್ಲಿ ಆ ದಾರಿಗೆ ಪರವಾನಗಿ, ಶಿಕ್ಷಣ, ಕ್ಲಬ್ ಎಲ್ಲವೂ ಜೋಡಣೆಯಾಗಿವೆ. ಇಲ್ಲಿ ರಾಷ್ಟ್ರೀಯ ತಂಡದ ನಾಯಕರಾಗಿದ್ದ ಚಾಪ್‌ಮನ್‌ಗೆ ಸಿಕ್ಕಿದ್ದು ಎಳೆಯರ ಅಕಾಡೆಮಿ ಮತ್ತು ಕೆಳಹಂತದ ಕ್ಲಬ್‌ಗಳು. 2002ರಲ್ಲಿ ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ ತರಬೇತಿಗೆ ನಿಂತರು. ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ ತಂಡವನ್ನು ವಹಿಸಿಕೊಂಡರು. ಆ ಕ್ಲಬ್ 2014–15ರ ಐ-ಲೀಗ್‌ನಲ್ಲಿ ಮೂರನೆಯ ಸ್ಥಾನಕ್ಕೆ ಬಂದದ್ದು ಬೇರೆ ತರಬೇತುದಾರರ ಕೈಯಲ್ಲಿ. ಆ ಯಶಸ್ಸನ್ನು ಚಾಪ್‌ಮನ್ ಖಾತೆಗೆ ಬರೆಯುವುದು ಇನ್ನೊಂದು ಅತಿರೇಕವಾದೀತು. ಆದರೆ ಸ್ಥಳೀಯ ಲೀಗಿನ ಹಂತದಲ್ಲಿ ತಂಡವನ್ನು ಕಟ್ಟಿದವರ ಸಾಲಿನಿಂದ ಅವರನ್ನು ಬಿಡುವಂತಿಲ್ಲ. ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ ಕ್ಲಬ್‌ಗಳಲ್ಲೂ ಕೆಲಸ ಮಾಡಿ, 2017ರ ಕೊನೆಗೆ ಕೋಯಿಕ್ಕೋಡಿನ ಕ್ವಾರ್ಟ್ಜ್ ಎಫ್‌ಸಿಯ ಹೊಣೆ ಹೊತ್ತರು. ಇವುಗಳಲ್ಲಿ ಯಾವುದೂ ಆ ಹೊತ್ತಿಗೆ ದೇಶದ ಮೇಲ್ಹಂತದ ಲೀಗಿನಲ್ಲಿರಲಿಲ್ಲ.